ಮುಳುಗುವ ಮುನ್ನ ಹತ್ತು ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಅರಬ್ಬೀ ಸಮುದ್ರದಲ್ಲಿ ಸುಮಾರು ೧೯ ಕಿಲೋಮೀಟರು ದೋಣಿಯಲ್ಲಿ ಸಾಗಿದರೆ ನೇತ್ರಾಣಿ ಎಂಬ ಪುಟ್ಟ ದ್ವೀಪವು ಸಿಗುತ್ತದೆ. ಅದರ ಸುತ್ತಣ ನೀರಿನಲ್ಲಿ ಹವಳಗಳೂ ಬಣ್ಣಬಣ್ಣದ ಮೀನುಗಳೂ ಇರುವುದರಿಂದ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮುಳುಗಿ ನೋಡಬಯಸುವವರು ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಹೋಗುತ್ತಾರೆ. ಈ ಬಗೆಯ ಮುಳುಗಾಟಕ್ಕೆ ಸ್ಕೂಬಾ ಎಂದು ಹೆಸರು. ಕೆಲವು ವರ್ಷಗಳ ಹಿಂದೆ ನಾವೂ ನಮ್ಮ ಕಾಲೇಜಿನ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆವು.

ದೋಣಿ ಹತ್ತುವ ಮುನ್ನ ಪ್ರತಿಯೊಬ್ಬರ ಕೈಗೂ ಒಂದು ಅಚ್ಚಾದ ಕಾಗದವನ್ನು ಕೊಟ್ಟರು. ಅದರಲ್ಲಿ ಆರೋಗ್ಯವನ್ನು ಕುರಿತ ಹತ್ತು ಪ್ರಶ್ನೆಗಳಿದ್ದುವು. ನಿಮಗೆ ಶ್ವಾಸಕೋಶದ ಅಥವಾ ಹೃದಯದ ತೊಂದರೆ ಉಂಟೆ? ಕಿವಿ ಮೂಗುಗಳ ಬೇನೆ ಉಂಟೆ? ಎಂದಾದರೂ ಪ್ರಜ್ಞೆ ತಪ್ಪಿದ್ದುಂಟೆ? ನಿತ್ಯವೂ ಔಷಧಿ ಸೇವಿಸುತ್ತೀರಾ? ಹೀಗೆ ಪ್ರಶ್ನೆಗಳು ಸಾಗಿದ್ದುವು. ಎಲ್ಲವೂ ಇಂಗ್ಲಿಷಿನಲ್ಲಿ, ದೋಣಿಯವನಿಗೆ ಹೊರಡುವ ಅವಸರ. ಎರಡೇ ನಿಮಿಷಗಳಲ್ಲಿ ಹನ್ನೆರಡು ಮಂದಿಯೂ ಹತ್ತು ಪ್ರಶ್ನೆಗಳಿಗೂ 'ಇಲ್ಲ' ಎಂದು ಗುರುತು ಹಾಕಿ ರುಜು ಮಾಡಿದರು. ನಾವೂ ಹಾಗೆಯೇ ಮಾಡಿದೆವು.

ನಮ್ಮ ಹತ್ತು ಉತ್ತರಗಳಲ್ಲಿ ಎರಡು ಸುಳ್ಳಾಗಿದ್ದುವು. ನಮಗೆ ಬಾಲ್ಯದಿಂದಲೂ ಉಬ್ಬಸ ಉಂಟು. ಚಳಿಗಾಲದಲ್ಲಿ ಈಗಲೂ ಸೇದುವ ಔಷಧಿಯ ಡಬ್ಬಿ ನಮ್ಮ ಕಿಸೆಯಲ್ಲಿರುತ್ತದೆ. ಅದನ್ನು ಹೇಳಿದರೆ ನೀರಿಗಿಳಿಯಲು ಬಿಡಲಾರರೆಂಬ ಅಂಜಿಕೆಯಿಂದ ಮುಚ್ಚಿಟ್ಟೆವು. ಆ ಸುಳ್ಳುಗಳ ಗತಿ ಏನಾಯಿತೆಂಬುದನ್ನು ಕಡೆಯಲ್ಲಿ ಹೇಳುತ್ತೇವೆ. ಅಷ್ಟರೊಳಗೆ, ಆ ಪ್ರಶ್ನೆಗಳನ್ನು ಏಕೆ ಕೇಳುತ್ತಾರೆಂಬುದನ್ನು ಪರಿಶೀಲಿಸೋಣ. ಅವುಗಳ ಹಿಂದೆ ಇರುವುದು ವಾಚಕರು ಪ್ರೌಢಶಾಲೆಯಲ್ಲಿಯೇ ಓದಿರುವ ಭೌತಶಾಸ್ತ್ರ.

ನೀರಿನ ಭಾರ

ನಾವೆಲ್ಲರೂ ಗಾಳಿಯ ಸಮುದ್ರವೊಂದರ ತಳದಲ್ಲಿ ವಾಸಿಸುವವರು. ಸಮುದ್ರಮಟ್ಟದಲ್ಲಿ ಈ ಗಾಳಿಯ ಒತ್ತಡ ಸುಮಾರು ೧,೦೧,೩೨೫ ಪಾಸ್ಕಲ್. ಇದನ್ನೇ ಒಂದು ವಾಯುಮಂಡಲದ ಒತ್ತಡ ಎನ್ನುತ್ತೇವೆ. ದ್ರವದೊಳಗಿನ ಒತ್ತಡವು ಆಳ, ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಈ ಮೂರರ ಗುಣಲಬ್ಧವಷ್ಟೆ. ಸಮುದ್ರದ ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು ೧೦೨೫ ಕಿಲೋಗ್ರಾಂ. ಆದುದರಿಂದ ೧೦ ಮೀಟರು ಆಳದಲ್ಲಿ ನೀರಿನಿಂದಾಗುವ ಒತ್ತಡವು ೧೦ × ೧೦೨೫ × ೯.೮, ಎಂದರೆ ೧,೦೦,೪೫೦ ಪಾಸ್ಕಲ್. ಇದು ಹೆಚ್ಚುಕಡಮೆ ಇನ್ನೊಂದು ವಾಯುಮಂಡಲಕ್ಕೆ ಸಮ. ಆಕಾಶದವರೆಗಿನ ಗಾಳಿಯೆಲ್ಲ ಸೇರಿ ನಮ್ಮನ್ನು ಎಷ್ಟು ಒತ್ತುವುದೋ ಬರಿಯ ಹತ್ತು ಮೀಟರು ನೀರು ಅಷ್ಟೇ ಒತ್ತುತ್ತದೆ. ಹೀಗೆ ಮುಳುಗುವವನ ಮೇಲಿನ ಒಟ್ಟು ಒತ್ತಡವು ೧೦ ಮೀಟರಿನಲ್ಲಿ ಎರಡು, ೨೦ ಮೀಟರಿನಲ್ಲಿ ಮೂರು, ೩೦ ಮೀಟರಿನಲ್ಲಿ ನಾಲ್ಕು ವಾಯುಮಂಡಲಗಳಷ್ಟಾಗುತ್ತದೆ.

ಇಷ್ಟು ಒತ್ತಡದಲ್ಲಿ ದೇಹವು ಜಜ್ಜಿಹೋಗದಿರುವುದೇಕೆ? ದೇಹದ ಬಹುಭಾಗ ನೀರೇ. ನೀರನ್ನು ಒತ್ತಿ ಕುಗ್ಗಿಸುವುದು ಅಸಾಧ್ಯವೆಂಬಷ್ಟು ಕಷ್ಟ. ತೊಂದರೆ ಇರುವುದೆಲ್ಲ ದೇಹದೊಳಗಿನ ಗಾಳಿಯ ಕೋಣೆಗಳಲ್ಲಿ, ಎಂದರೆ ಶ್ವಾಸಕೋಶ, ನಡುಗಿವಿ ಮತ್ತು ಮುಖದ ಮೂಳೆಗಳೊಳಗಿನ ಪೊಳ್ಳುಗಳಲ್ಲಿ. ೧೯೪೩ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಎಂಬುವರು ನಿರ್ಮಿಸಿದ ಉಪಕರಣದ ಹೆಚ್ಚಳ ಇಲ್ಲಿಯೇ ಇದೆ. ಅದರಲ್ಲಿನ ರೆಗ್ಯುಲೇಟರು ಮುಳುಗುವವನು ಯಾವ ಆಳದಲ್ಲಿರುವನೋ ಆ ಆಳದ ಒತ್ತಡದಲ್ಲಿಯೇ ಅವನಿಗೆ ಗಾಳಿಯನ್ನು ಒದಗಿಸುತ್ತದೆ. ಹೊರಗಿನ ನೀರೂ ಒಳಗಿನ ಗಾಳಿಯೂ ಸಮನಾಗಿ ಒತ್ತುವುದರಿಂದ ಎದೆಯು ಸುಲಭವಾಗಿ ಅರಳುತ್ತದೆ. ಆದರೆ ಈ ಸಮತೋಲ ಉಳಿಯಬೇಕಾದರೆ ಗಾಳಿಯ ಕೋಣೆಗಳ ಬಾಗಿಲುಗಳೆಲ್ಲ ತೆರೆದಿರಬೇಕು. ಬಾಗಿಲು ಮುಚ್ಚಿಕೊಂಡರೆ ಏನಾಗುವುದೆಂಬುದೇ ಹತ್ತು ಪ್ರಶ್ನೆಗಳಲ್ಲಿ ಹಲವುಗಳ ಒಳತಿರುಳು.

ಕಿವಿಯ ಪ್ರಶ್ನೆ

ನಡುಗಿವಿಯಿಂದ ಗಂಟಲಿಗೆ ಯೂಸ್ಟೇಕಿಯನ್ ನಾಳ ಎಂಬ ಕಿರಿದಾದ ದಾರಿಯೊಂದು ಉಂಟು. ಮುಳುಗುವವನು ಮೂಗನ್ನು ಹಿಡಿದು ಮೆಲ್ಲನೆ ಊದಿ ಈ ದಾರಿಯನ್ನು ಆಗಾಗ ತೆರೆಯುತ್ತಿರಬೇಕು. ನೆಗಡಿಯಿಂದ ನಾಳವು ಊದಿಕೊಂಡಿದ್ದರೆ ಅದು ತೆರೆಯುವುದಿಲ್ಲ. ಆಗ ಎರಡೇ ಮೀಟರು ಆಳದಲ್ಲಿ ಕಿವಿತಮಟೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ೨೦೦ ಗ್ರಾಂ ತೂಕದಷ್ಟು ಬಲವು ಒಳಕ್ಕೆ ಒತ್ತುತ್ತದೆ. ಕಾಗದದಂತೆ ತೆಳ್ಳಗಿರುವ ಆ ಪೊರೆಗೆ ಇದೇ ಬಹಳ. ಹಟದಿಂದ ಇನ್ನೂ ಕೆಳಕ್ಕೆ ಹೋದರೆ ತಮಟೆ ಹರಿಯಬಹುದು. ಹರಿದ ತಮಟೆಯ ಮೂಲಕ ತಣ್ಣೀರು ಒಳಹೊಕ್ಕರೆ, ಸಮತೋಲವನ್ನು ಕಾಯುವ ಒಳಗಿವಿಯು ಕದಡಿ, ಮೇಲೆ ಯಾವುದು ಕೆಳಗೆ ಯಾವುದು ಎಂಬುದೇ ತಿಳಿಯದಂತಾಗುತ್ತದೆ. ನೆಗಡಿಯನ್ನು ಗುಳಿಗೆಯಿಂದ ಅಡಗಿಸಿ ಇಳಿಯುವುದೂ ಅಪಾಯವೇ. ಗುಳಿಗೆಯ ಪ್ರಭಾವವು ನೀರಿನೊಳಗಿರುವಾಗ ಮುಗಿದುಹೋದರೆ, ಒಳಗೆ ಸಿಕ್ಕಿಬಿದ್ದ ಗಾಳಿಗೆ ಮೇಲೇರುವಾಗ ಹೊರಬರುವ ದಾರಿ ಇರುವುದಿಲ್ಲ.

ಉಸಿರಿನ ಪ್ರಶ್ನೆ

ಉಷ್ಣತೆಯು ಬದಲಾಗದಿದ್ದರೆ ಅನಿಲದ ಗಾತ್ರವು ಒತ್ತಡಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆ. ರಾಬರ್ಟ್ ಬಾಯ್ಲನು ೧೬೬೨ರಲ್ಲಿ ಪ್ರಕಟಿಸಿದ ಈ ನಿಯಮವನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಮುಳುಗುವವನಿಗೆ ಅದು ಪ್ರಾಣದ ಪ್ರಶ್ನೆ.

ಹತ್ತು ಮೀಟರು ಆಳದಲ್ಲಿ ಒಬ್ಬನು ೬ ಲೀಟರು ಗಾಳಿಯನ್ನು ಎದೆ ತುಂಬ ಎಳೆದುಕೊಂಡನೆನ್ನೋಣ. ಗಾಬರಿಯಿಂದ ಉಸಿರು ಬಿಗಿಹಿಡಿದು ಅವನು ಮೇಲಕ್ಕೆ ಬಂದರೆ ಒತ್ತಡವು ಎರಡರಿಂದ ಒಂದು ವಾಯುಮಂಡಲಕ್ಕೆ ಇಳಿಯುತ್ತದೆ; ಆ ಗಾಳಿಯು ೧೨ ಲೀಟರಾಗಲು ಯತ್ನಿಸುತ್ತದೆ. ಎದೆಯಲ್ಲಿ ಅಷ್ಟು ಸ್ಥಳವೆಲ್ಲಿ? ಶ್ವಾಸಕೋಶದ ಸೂಕ್ಷ್ಮವಾದ ಗಾಳಿಚೀಲಗಳು ಹರಿದು ಗಾಳಿಯ ಗುಳ್ಳೆಗಳು ನೇರವಾಗಿ ರಕ್ತವನ್ನು ಸೇರಿ, ಹೃದಯದ ಮೂಲಕ ಮೆದುಳಿಗೆ ಹೋಗಿ ಅಲ್ಲಿಯ ರಕ್ತನಾಳಗಳಿಗೆ ಬಿರಡೆಯಂತೆ ಅಡ್ಡ ನಿಲ್ಲಬಹುದು. ಆದುದರಿಂದಲೇ ಸ್ಕೂಬಾ ಕಲಿಯುವವರಿಗೆ ಹೇಳುವ ಮೊದಲ ಕಟ್ಟಳೆಯೆಂದರೆ, ಎಂದಿಗೂ ಉಸಿರು ಹಿಡಿಯಬಾರದು ಎಂಬುದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೂವತ್ತು ಮೀಟರಿನಿಂದ ಇಪ್ಪತ್ತಕ್ಕೆ ಬರುವಾಗ ಅದೇ ೬ ಲೀಟರು ಗಾಳಿ ೮ ಲೀಟರು ಮಾತ್ರ ಆಗುತ್ತದೆ. ಹತ್ತರಿಂದ ಮೇಲಕ್ಕೆ ಬರುವಾಗಲಾದರೋ ಇಮ್ಮಡಿಯಾಗುತ್ತದೆ. ಆಳ ಕಡಮೆಯಾದಷ್ಟೂ ಗಾತ್ರದ ಬದಲಾವಣೆ ತೀವ್ರ. "ನಾವೇನು ಆಳಕ್ಕೆ ಹೋಗುವವರಲ್ಲ, ನಮಗೇಕೆ ಈ ಪ್ರಶ್ನೆಗಳು?" ಎನ್ನುವವರಿಗೆ ಇದೇ ಉತ್ತರ. ತುಂಬಿದ ಎದೆಯಿಂದ ಉಸಿರು ಹಿಡಿದು ಸುಮಾರು ಒಂದು ಮೀಟರಿನಷ್ಟು ಮೇಲೆ ಬಂದಾಗಲೂ ಶ್ವಾಸಕೋಶಕ್ಕೆ ಗಾಯವಾದುದುಂಟು.

ಈಗ ಉಬ್ಬಸದವನ ಸ್ಥಿತಿಯನ್ನು ಯೋಚಿಸಿ. ಉಬ್ಬಸ ಕೆರಳಿದಾಗ ಶ್ವಾಸಕೋಶದ ಕಿರುನಾಳಗಳು ಕುಗ್ಗುತ್ತವೆ. ಗಾಳಿ ಒಳಕ್ಕೆ ಹೋಗುತ್ತದೆ, ಹೊರಕ್ಕೆ ಸಲೀಸಾಗಿ ಬರುವುದಿಲ್ಲ. ಅವನು ಬುದ್ಧಿಪೂರ್ವಕವಾಗಿ ಉಸಿರು ಹಿಡಿಯದಿದ್ದರೂ ಶ್ವಾಸಕೋಶದ ಒಂದು ಮೂಲೆಯು ತಾನಾಗಿ ಉಸಿರು ಹಿಡಿದಂತೆ ಆಗುತ್ತದೆ. ಸಿಲಿಂಡರಿನ ಗಾಳಿ ಒಣಗಿದ್ದು, ತಣ್ಣಗಿರುವುದು, ಈಜುವ ಶ್ರಮ, ಆಗೊಮ್ಮೆ ಈಗೊಮ್ಮೆ ಗಂಟಲಿಗೆ ಸಿಡಿಯುವ ಉಪ್ಪುನೀರಿನ ಹನಿ. ಉಬ್ಬಸವನ್ನು ಕೆರಳಿಸುವ ಕಾರಣಗಳೆಲ್ಲ ಅಲ್ಲಿ ಒಟ್ಟಾಗಿ ಕಾದಿರುತ್ತವೆ. ಕಾಗದದ ಮೇಲೆ 'ಇಲ್ಲ' ಎಂದು ಬರೆದವನಿಗಾಗಿ ಬಾಯ್ಲನ ನಿಯಮವು ಬದಲಾಗುವುದಿಲ್ಲ.

ಸೋಡಾ ಸೀಸೆಯ ಪಾಠ

ಗೋಲಿ ಸೋಡಾದ ಸೀಸೆಯನ್ನು ವಾಚಕರು ಕಂಡಿರಬಹುದು. ಗೋಲಿಯನ್ನು ಒಳಕ್ಕೆ ಒತ್ತುವವರೆಗೆ ಅದರೊಳಗಿನ ನೀರು ತಿಳಿಯಾಗಿಯೇ ಇರುತ್ತದೆ. ಒತ್ತಿದ ಕೂಡಲೆ ಬುಸ್ಸೆಂದು ಗುಳ್ಳೆಗಳೇಳುತ್ತವೆ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂದು ವಿಲಿಯಂ ಹೆನ್ರಿ ೧೮೦೩ರಲ್ಲಿ ತಿಳಿಸಿದನು. ಒತ್ತಡ ತಟ್ಟನೆ ಇಳಿದಾಗ ಕರಗಿದ್ದ ಅನಿಲ ಹೊರಬೀಳಲೇಬೇಕು.

ಮುಳುಗುವವನ ದೇಹವೂ ಇಂಥ ಒಂದು ಸೀಸೆಯೇ. ಗಾಳಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಸಾರಜನಕ. ಆಳದಲ್ಲಿ ಹೆಚ್ಚಿನ ಒತ್ತಡದ ಗಾಳಿಯನ್ನು ಉಸಿರಾಡಿದಷ್ಟೂ ಹೊತ್ತು ರಕ್ತವೂ ದೇಹದ ಅಂಗಾಂಶಗಳೂ ಹೆಚ್ಚು ಹೆಚ್ಚು ಸಾರಜನಕವನ್ನು ಕರಗಿಸಿಕೊಳ್ಳುತ್ತವೆ. ಮೆಲ್ಲನೆ ಮೇಲೇರಿದರೆ ಅದು ಉಸಿರಿನ ಮೂಲಕ ಹೊರಹೋಗುತ್ತದೆ. ತಟ್ಟನೆ ಏರಿದರೆ ಗುಳ್ಳೆಗಟ್ಟಿ ಕೀಲುಗಳಲ್ಲಿ ನೋವು, ಚರ್ಮದಲ್ಲಿ ಕಲೆ, ಕೆಲವೊಮ್ಮೆ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪುವುದು ಮುಂತಾದ ತೊಂದರೆಗಳುಂಟಾಗುತ್ತವೆ.

ಈ ಅರಿವಿಗೆ ಮನುಷ್ಯನು ತೆತ್ತ ಬೆಲೆ ಸಣ್ಣದಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮತ್ತು ಬ್ರೂಕ್ಲಿನ್ ಸೇತುವೆಗಳ ಅಡಿಪಾಯವನ್ನು ೧೮೭೦ರ ಸುಮಾರಿನಲ್ಲಿ ತೋಡುತ್ತಿದ್ದಾಗ, ಒತ್ತಿದ ಗಾಳಿ ತುಂಬಿದ ಪೆಟ್ಟಿಗೆಗಳಲ್ಲಿ ದುಡಿದ ಕೂಲಿಗಳು ಹೊರಬಂದ ಮೇಲೆ ನೋವಿನಿಂದ ಮುರುಟಿದರು, ಹಲವರು ಸತ್ತರು. ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರಾಗಿದ್ದ ವಾಷಿಂಗ್ಟನ್ ರೋಬ್ಲಿಂಗನೂ ೧೮೭೨ರಲ್ಲಿ ಇದೇ ಬೇನೆಯಿಂದ ಹಾಸಿಗೆ ಹಿಡಿದನು. ಸಾರಜನಕದ ಗುಳ್ಳೆಗಳೇ ಇದಕ್ಕೆ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿದನು. ಹಂತಹಂತವಾಗಿ ನಿಂತು ಮೇಲೇರುವ ಕ್ರಮವನ್ನು ಆಡುಗಳ ಮೇಲೆ ಪ್ರಯೋಗಗಳನ್ನು ನಡೆಸಿ ಬ್ರಿಟನ್ನಿನ ಜೆ. ಎಸ್. ಹಾಲ್ಡೇನನೂ ಅವನ ಸಹೋದ್ಯೋಗಿಗಳೂ ೧೯೦೮ರಲ್ಲಿ ಪ್ರಕಟಿಸಿದರು. ಸೇತುವೆಯ ಕೂಲಿಗಳಿಗೆ ತಾವು ಇಳಿಯುತ್ತಿದ್ದುದು ಎಂಥ ಅಪಾಯಕ್ಕೆಂಬುದು ತಿಳಿದಿರಲಿಲ್ಲ. ನಮಗೆ ತಿಳಿದಿದೆ. ತಿಳಿದ ಮೇಲೆ ಹೊಣೆಯೂ ಹೆಚ್ಚು.

ಹಾಲ್ಡೇನನ ಮಗ ಜೆ. ಬಿ. ಎಸ್. ಹಾಲ್ಡೇನರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ೧೯೩೯ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ ಅನೇಕರು ಸತ್ತ ಬಳಿಕ, ಅವರು ಒತ್ತಡದ ಕೋಣೆಯಲ್ಲಿ ತಮ್ಮ ದೇಹವನ್ನೇ ಪ್ರಯೋಗಕ್ಕೊಡ್ಡಿದರು. ಅದರಿಂದ ಅವರಿಗೆ ಪೆಟ್ಟುಗಳೂ ಆದುವು. ಆದರೆ ಅವರು ಅಪಾಯವನ್ನು ತಿಳಿದು ಕೈಗೊಂಡರು. ಜೊತೆಯಲ್ಲಿದ್ದವರಿಗೂ ಅದು ಗೊತ್ತಿತ್ತು. ಆದುದನ್ನು ಆದಂತೆಯೇ ಬರೆದಿಟ್ಟರು. ಧೈರ್ಯದಿಂದ ಕೈಗೊಂಡ ಅಪಾಯಕ್ಕೂ ಮುಚ್ಚಿಟ್ಟ ಅಪಾಯಕ್ಕೂ ಇರುವ ವ್ಯತ್ಯಾಸ ಇದೇ.

ನಮ್ಮ ನಾಡಿನವರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಇಲ್ಲಿ ಉಂಟು. ಒಂದು ಸಲ ಮುಳುಗಿದವರು ಕನಿಷ್ಠ ೧೨ ಗಂಟೆ, ಹಲವು ಸಲ ಮುಳುಗಿದವರು ಕನಿಷ್ಠ ೧೮ ಗಂಟೆ ಕಳೆಯುವವರೆಗೆ ವಿಮಾನವನ್ನು ಹತ್ತಬಾರದೆಂದು ತಜ್ಞರು ಸೂಚಿಸುತ್ತಾರೆ. ಈ ಸೂಚನೆ ಸುಮಾರು ೬೦೦ರಿಂದ ೨೪೦೦ ಮೀಟರು ಎತ್ತರದಲ್ಲಿರುವಷ್ಟು ಕಡಮೆಯಾದ ಗಾಳಿಯ ಒತ್ತಡಕ್ಕೆ ಅನ್ವಯಿಸುವಂಥದು. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಿದೆ. ಅಲ್ಲಿಯ ಒತ್ತಡ ಒಂದು ವಾಯುಮಂಡಲದ ಹತ್ತರಲ್ಲಿ ಒಂಬತ್ತು ಪಾಲಷ್ಟೆ. ಬೆಳಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ ಅಂದೇ ಸಂಜೆ ಬಸ್ಸು ಹಿಡಿದು ಘಟ್ಟ ಹತ್ತುವವನು, ವಿಮಾನವನ್ನು ಮುಟ್ಟದೆಯೇ ಆ ಎತ್ತರಕ್ಕೆ ಏರಿರುತ್ತಾನೆ. ಒಂದು ರಾತ್ರಿ ದಡದಲ್ಲಿ ತಂಗುವುದು ವಿವೇಕ.

ಹೃದಯದ ಪ್ರಶ್ನೆ, ಪ್ರಜ್ಞೆಯ ಪ್ರಶ್ನೆ

ನೆಲದ ಮೇಲೆ ನಿಂತಿರುವಾಗ ಗುರುತ್ವದ ಸೆಳೆತದಿಂದ ರಕ್ತದ ಒಂದಂಶ ಕಾಲುಗಳಲ್ಲಿ ನಿಂತಿರುತ್ತದೆ. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದೊಡನೆಯೇ ಹೊರಗಿನ ನೀರಿನ ಒತ್ತಡವು ಆ ಸೆಳೆತಕ್ಕೆ ಎದುರಾಗಿ, ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಎದೆಯ ಕಡೆಗೆ ಸರಿಯುತ್ತದೆ. ಹೃದಯವು ಇಷ್ಟು ಹೆಚ್ಚಿನ ಭಾರವನ್ನು ಹೊರಬೇಕು. ಚಳಿಯೂ ಶ್ರಮವೂ ಕೂಡಿದರೆ ಆರೋಗ್ಯವಂತನ ಹೃದಯ ತಾಳಿಕೊಳ್ಳುತ್ತದೆ; ರೋಗವಿದ್ದ ಹೃದಯ ತಾಳದಿರಬಹುದು. ೧೯೯೨ರಿಂದ ೨೦೦೩ರವರೆಗೆ ಸ್ಕೂಬಾ ಮುಳುಗಾಟದಲ್ಲಿ ಸಂಭವಿಸಿದ ೯೪೭ ಮರಣಗಳನ್ನು ಪರಿಶೀಲಿಸಿದ ವರದಿಯೊಂದು ೨೦೦೮ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾರಣವನ್ನು ನಿರ್ಣಯಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಹೃದಯಕ್ಕೆ ಸಂಬಂಧಿಸಿದ್ದಾಗಿದ್ದುವು. ಪ್ರಶ್ನಾವಳಿಯು ನಲವತ್ತೈದು ದಾಟಿದವರನ್ನು ಬೇರೆಯಾಗಿ ವಿಚಾರಿಸುವುದು ಸುಮ್ಮನೆ ಅಲ್ಲ.

ಅಪಸ್ಮಾರದ ವಿಚಾರ ಇನ್ನೂ ಸ್ಪಷ್ಟ. ನೆಲದ ಮೇಲೆ ಮೂರ್ಛೆ ಬಂದು ಬಿದ್ದವನನ್ನು ಮಗ್ಗುಲಿಗೆ ಹೊರಳಿಸಿದರೆ ಕೆಲವು ನಿಮಿಷಗಳಲ್ಲಿ ಸಾಮಾನ್ಯವಾಗಿ ಎಚ್ಚರಗೊಳ್ಳುತ್ತಾನೆ. ನೀರಿನಲ್ಲಿಯಾದರೆ ಬಾಯಿಯ ರೆಗ್ಯುಲೇಟರು ಕಳಚುತ್ತದೆ. ಮುಂದಿನ ಉಸಿರು ನೀರಿನದು.

ಹೊಣೆ ಯಾರದು?

ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವನು ಮುಳುಗುವವನು ಒಬ್ಬನೇ. ತರಬೇತುಗಾರನು ಸಿಲಿಂಡರಿನ ಒತ್ತಡವನ್ನು ಮಾಪಕದಲ್ಲಿ ನೋಡಬಲ್ಲನು. ನಮ್ಮ ಹಳೆಯ ಮೂರ್ಛೆಯನ್ನು ತೋರಿಸುವ ಮಾಪಕವು ಅವನ ಬಳಿ ಇಲ್ಲ. ಆ ಮಾಪಕ ನಾವೇ. ಪ್ರಯೋಗಶಾಲೆಯಲ್ಲಿ ಲೆಕ್ಕಕ್ಕೆ ಹೊಂದುವಂತೆ ಅಳತೆಗಳನ್ನು ತಿದ್ದಿ ಬರೆಯುವ ವಿದ್ಯಾರ್ಥಿಗಳನ್ನು ನಾವು ಆಗಾಗ ಗದರಿಸುವುದುಂಟು. ಅಲ್ಲಿ ಹೋಗುವುದು ನಾಲ್ಕಾರು ಅಂಕಗಳು ಮಾತ್ರ. ಆರೋಗ್ಯದ ಕಾಗದದಲ್ಲಿ ತಿದ್ದಿ ಬರೆದ ಅಳತೆಯನ್ನು ನಂಬಿ ಇನ್ನೊಬ್ಬನು ನೀರಿಗಿಳಿಯುತ್ತಾನೆ. ಸ್ಕೂಬಾದಲ್ಲಿ ಇಬ್ಬಿಬ್ಬರು ಜೊತೆಯಾಗಿ ಮುಳುಗುವುದು ವಾಡಿಕೆ. ಒಬ್ಬನು ಕಂಗೆಟ್ಟರೆ ಇನ್ನೊಬ್ಬನು ಅವನನ್ನು ಮೇಲಕ್ಕೆ ತರಬೇಕು. ಆ ಅವಸರದಲ್ಲಿ ಅವನೂ ವೇಗವಾಗಿ ಏರುವನು. ಆದುದರಿಂದ "ನನ್ನ ಪ್ರಾಣ, ನನ್ನ ಇಷ್ಟ" ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

'ಹೌದು' ಎಂದರೆ ಅವಕಾಶವೇ ಇಲ್ಲವೆಂದು ತಿಳಿಯುವುದೂ ತಪ್ಪು. ಈಗ ಅನೇಕ ಕಡೆ ಬಳಕೆಯಲ್ಲಿರುವ ಪ್ರಶ್ನಾವಳಿಯನ್ನು ತಜ್ಞ ವೈದ್ಯರು ೨೦೨೦ರಲ್ಲಿ ಪರಿಷ್ಕರಿಸಿದರು. ಅದರ ಪ್ರಕಾರ ಕೆಲವು 'ಹೌದು'ಗಳಿಗೆ ಇನ್ನಷ್ಟು ಪ್ರಶ್ನೆಗಳಿರುತ್ತವೆ; ಉಳಿದವಕ್ಕೆ ವೈದ್ಯನ ಪರೀಕ್ಷೆ ಬೇಕು. ಉಬ್ಬಸವು ಚೆನ್ನಾಗಿ ಹತೋಟಿಯಲ್ಲಿದ್ದು, ಊದುವ ಪರೀಕ್ಷೆಯಲ್ಲಿ ಶ್ವಾಸಕೋಶವು ಸರಿಯಾಗಿದೆಯೆಂದು ಕಂಡುಬಂದವರಿಗೆ ವೈದ್ಯರು ಅನುಮತಿ ಕೊಡುವುದೂ ಉಂಟು. 'ಹೌದು' ಎಂಬುದು ಪರೀಕ್ಷೆಯ ಆರಂಭವೇ ಹೊರತು ತೀರ್ಪಲ್ಲ.

ಹೊಣೆಯು ಒಂದೇ ಕಡೆಯದೂ ಅಲ್ಲ. ಕಾಗದವನ್ನು ಕೊಡುವವರು ಅದನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದಲು ಹೊತ್ತು ಕೊಡಬೇಕು. ಮುಂಗಡ ಹಣ ಕಟ್ಟಿದವನು ದೋಣಿಯ ಬಳಿ ನಿಂತು ಸತ್ಯ ಹೇಳಲು ಹಿಂಜರಿಯುತ್ತಾನೆಂಬುದನ್ನು ಅರಿತು, ಹಿಂದಿನ ದಿನವೇ ಕೇಳಬೇಕು. ಅಪಾಯವನ್ನು ತಿಳಿಸುವುದು ಅವರ ಕರ್ತವ್ಯ, ಆರೋಗ್ಯವನ್ನು ತಿಳಿಸುವುದು ನಮ್ಮ ಕರ್ತವ್ಯ. ಒಂದಿಲ್ಲದೆ ಇನ್ನೊಂದು ಪೂರ್ಣವಾಗದು.

ನಮಗೇ ತಿಳಿಯದ ದೋಷಗಳೂ ಇರಬಹುದು. ಹೃದಯದ ಎರಡು ಮೇಲ್ಕೋಣೆಗಳ ನಡುವೆ ಗರ್ಭದಲ್ಲಿರುವ ಕಿರುಕಂಡಿಯು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬೆಳೆದ ಮೇಲೂ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಗುಳ್ಳೆಗಳು ಅದರ ಮೂಲಕ ದಾಟಬಹುದು. ಬಹುಮಂದಿಗೆ ಅದು ತಮ್ಮಲ್ಲಿ ಇರುವುದೇ ತಿಳಿದಿರುವುದಿಲ್ಲ. ತಿಳಿಯದುದನ್ನು ಹೇಳಲಾರೆವು. ಅದಕ್ಕಾಗಿಯೇ ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗಿ ಏರದಿರುವುದು, ಐದು ಮೀಟರಿನಲ್ಲಿ ಮೂರು ನಿಮಿಷ ತಂಗುವುದು ಮೊದಲಾದ ಕಟ್ಟಳೆಗಳಿವೆ. ತಿಳಿದುದನ್ನಾದರೂ ಮೂರು ಸಲ ಹೇಳಬೇಕು. ಇಳಿಯುವ ಮುನ್ನ ಕಾಗದದಲ್ಲಿ. ನೀರಿನೊಳಗೆ ಕಿವಿ ನೊಂದರೆ ಕೈಸನ್ನೆಯಲ್ಲಿ. ಮೇಲೆ ಬಂದ ಬಳಿಕ ಕೀಲುನೋವೋ ಜೋಮೋ ಕಂಡರೆ ತಡಮಾಡದೆ ವೈದ್ಯನಲ್ಲಿ, "ನಾನು ಮುಳುಗಿದ್ದೆ" ಎಂಬ ಮಾತಿನೊಡನೆ. ಹೊತ್ತು ಕಳೆದಷ್ಟೂ ಚಿಕಿತ್ಸೆ ಕಷ್ಟವಾಗುತ್ತದೆ.

ಇನ್ನು ನಮ್ಮ ಸುಳ್ಳುಗಳ ವಿಷಯ. ದೋಣಿ ನೇತ್ರಾಣಿಯ ಬಳಿ ಲಂಗರು ಹಾಕಿತು. ಸಿಲಿಂಡರನ್ನು ಬೆನ್ನಿಗೇರಿಸಿಕೊಳ್ಳುವಾಗ ಕಿಸೆಯ ಡಬ್ಬಿಯನ್ನು ಎಲ್ಲಿಡುವುದೆಂಬ ಪ್ರಶ್ನೆ ಎದ್ದಿತು. ನೀರಿನೊಳಗೆ ಅದನ್ನು ಒಯ್ಯುವಂತಿಲ್ಲ. ವರ್ಷವರ್ಷವೂ ಬಾಯ್ಲನ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆಯುವ ನಮಗೆ ಆಗ ನಾಚಿಕೆಯಾಯಿತು. ತರಬೇತುಗಾರನನ್ನು ಕರೆದು ಕಾಗದವನ್ನು ಹಿಂದಕ್ಕೆ ಕೇಳಿ ಎರಡು 'ಇಲ್ಲ'ಗಳನ್ನು ಹೊಡೆದುಹಾಕಿ 'ಹೌದು' ಎಂದು ಬರೆದೆವು. ಅವನು ಬೇಸರಪಡಲಿಲ್ಲ, ಇಂದು ಬೇಡ, ವೈದ್ಯರ ಪತ್ರ ತನ್ನಿ ಎಂದನು.

ಸಿಲಿಂಡರನ್ನು ಕೆಳಗಿಟ್ಟು ನಾವು ಕುಳಿತ ಸ್ವಲ್ಪ ಹೊತ್ತಿಗೆ ವಿದ್ಯಾರ್ಥಿಯೊಬ್ಬನು ಎದ್ದುಬಂದು ತನ್ನ ಕಾಗದವನ್ನೂ ಕೇಳಿದನು. ಅವನಿಗೆ ಹಿಂದೆ ಎರಡು ಸಲ ಮೂರ್ಛೆ ಬಂದಿದ್ದಿತು. ನಿತ್ಯವೂ ಗುಳಿಗೆ ತೆಗೆದುಕೊಳ್ಳುತ್ತಿದ್ದನು. ಅವನ ಜೊತೆಗಾರನಿಗೂ ಅದು ತಿಳಿದಿರಲಿಲ್ಲ. ಉಳಿದ ಹನ್ನೊಂದು ಮಂದಿ ಮುಳುಗಿ ನೋಡಿ ಕ್ಷೇಮವಾಗಿ ಮೇಲೆ ಬಂದರು. ನಾವಿಬ್ಬರೂ ದೋಣಿಯಲ್ಲಿಯೇ ಕುಳಿತು ಅವರು ಹೇಳಿದ ಮೀನುಗಳ ಕಥೆಯನ್ನು ಕೇಳಿದೆವು.

ಊರಿಗೆ ಬಂದ ಮೇಲೆ ನಾವು ವೈದ್ಯರಲ್ಲಿಗೆ ಹೋದೆವು. ಅವರು ನಮ್ಮನ್ನು ಓಡಿಸಿ ಯಂತ್ರದಲ್ಲಿ ಊದಿಸಿದರು. ಓಟದ ಬಳಿಕ ಅಳತೆ ತೀರ ಇಳಿದಿತ್ತು. ಮುಳುಗುವುದು ಬೇಡವೆಂದರು. ನೇತ್ರಾಣಿಯ ತಳವನ್ನು ನಾವು ಇನ್ನೂ ಕಂಡಿಲ್ಲ. ಆದರೆ ಬಾಯ್ಲನ ನಿಯಮವನ್ನು ಪಾಠ ಹೇಳುವಾಗ ಆ ಕಾಗದದ ವಿಷಯವನ್ನು ತಪ್ಪದೆ ಹೇಳುತ್ತೇವೆ.

ಅಭ್ಯಾಸಕ್ಕೆ

೧. ೨೦ ಮೀಟರು ಆಳದ ಸಮುದ್ರದಲ್ಲಿ ೪ ಲೀಟರು ಗಾತ್ರವಿರುವ ಗಾಳಿಯ ಚೀಲವು ನೀರಿನ ಮೇಲ್ಮೈಗೆ ಬಂದಾಗ ಎಷ್ಟು ಲೀಟರಾಗುತ್ತದೆ?

೨. ಸಿಹಿನೀರಿನ ಸಾಂದ್ರತೆ ಘನಮೀಟರಿಗೆ ೧೦೦೦ ಕಿಲೋಗ್ರಾಂ. ಕೆರೆಯೊಂದರಲ್ಲಿ ನೀರಿನಿಂದ ಒಂದು ವಾಯುಮಂಡಲದಷ್ಟು ಒತ್ತಡ ಉಂಟಾಗಲು ಎಷ್ಟು ಆಳ ಬೇಕು?

೩. ನಿಮ್ಮ ಜೊತೆಗಾರನು ನೆಗಡಿಯನ್ನು ಮುಚ್ಚಿಟ್ಟು ನೀರಿಗಿಳಿಯಲು ಸಿದ್ಧನಾಗಿದ್ದಾನೆ. ನಿಮಗೊಬ್ಬರಿಗೇ ಅದು ತಿಳಿದಿದೆ. ನೀವು ಏನು ಮಾಡುವಿರಿ? ಅವನಿಗೆ ಯಾವ ಭೌತಿಕ ಕಾರಣವನ್ನು ಹೇಳುವಿರಿ?

(ಉತ್ತರ: ೧. ೧೨ ಲೀಟರು. ೨. ಸುಮಾರು ೧೦.೩ ಮೀಟರು. ೩. ಇದನ್ನು ವಾಚಕರೇ ಯೋಚಿಸತಕ್ಕದ್ದು.)